ಮನೆಯ ಮೀನುತೊಟ್ಟಿಯ ನೀರು: ರಸಾಯನ ಮತ್ತು ಸೇರಿಕೆಗಳು, ಬಿಳಿಚೋಡು ಸೀಮೆಯ ಹಿನ್ನೆಲೆಯಲ್ಲಿ

ಮನೆಯ ಅಕ್ವೇರಿಯಂನಲ್ಲಿ ಮೀನು ಬದುಕುವುದು ಅಳತೆಯ ನೀರಿನಲ್ಲಿ. ಕೆರೆಯ ಮೀನು ಹೊರಬಿಟ್ಟ ಕಲ್ಮಶ ಅಪಾರ ನೀರಿನಲ್ಲಿ ಕರಗಿ ಹೋಗುತ್ತದೆ. 50 ಲೀಟರ್ ಗಾಜಿನ ತೊಟ್ಟಿಯ ಮೀನು ಹೊರಬಿಟ್ಟದ್ದೆಲ್ಲ ಅದರ ಕಿವಿರಿನ ಮುಂದೆಯೇ ಉಳಿಯುತ್ತದೆ. ಆದ್ದರಿಂದ ನೀರಿನಲ್ಲಿ ಕರಗಿರುವ ಲವಣ, ಅನಿಲ ಮತ್ತು ಸಾರಜನಕದ ಸಂಯುಕ್ತಗಳ ಪ್ರಮಾಣವೇ ಸಾಕಣೆಯ ಮುಖ್ಯ ವಿಷಯವಾಗುತ್ತದೆ. ಇವನ್ನು ಹದಕ್ಕೆ ತರಲೆಂದು ಅಂಗಡಿಗಳಲ್ಲಿ ಹತ್ತಾರು ಬಗೆಯ ಸೀಸೆಗಳು ಸಿಗುತ್ತವೆ: ಕ್ಲೋರಿನ್ ತೆಗೆಯುವುದು, ಪಿಎಚ್ ಏರಿಸುವುದು, ಇಳಿಸುವುದು, ಬ್ಯಾಕ್ಟೀರಿಯಾ ದ್ರಾವಣ, ನೀಲಿ ಔಷಧಿ, ಹಸಿರು ಔಷಧಿ. ಇವುಗಳಲ್ಲಿ ಹೆಚ್ಚಿನವು ನಗರದ ನಲ್ಲಿ ನೀರನ್ನು ಕಣ್ಣ ಮುಂದಿಟ್ಟುಕೊಂಡು ತಯಾರಾದವು. ಕೊಳವೆಬಾವಿಯನ್ನೇ ನಂಬಿದ ಜಗಳೂರು ತಾಲೂಕಿನ ಬಿಳಿಚೋಡಿನಂಥ ಊರಿಗೆ ಬಂದಾಗ ಅವುಗಳ ಲೆಕ್ಕ ಬೇರೆಯಾಗುತ್ತದೆ. ಇಲ್ಲಿ ನೀರನ್ನು ಅರಿತು ಅದಕ್ಕೊಪ್ಪುವ ಮೀನನ್ನು ಆರಿಸಿದರೆ, ಮತ್ತು ಎರಡು ಬಗೆಯ ನೀರನ್ನು ಬೆರೆಸಲು ಕಲಿತರೆ, ಸೀಸೆಗಳ ಬಹುಪಾಲು ಅನಗತ್ಯ.

ಈ ಸೀಮೆಯ ನೀರು

ಬಿಳಿಚೋಡು ಜಗಳೂರು ತಾಲೂಕಿನ ಒಂದು ಹೋಬಳಿ ಕೇಂದ್ರ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರೂಪುಗೊಳ್ಳುವವರೆಗೆ ತಾಲೂಕು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಒಂದೇ ಜಿಲ್ಲೆಯೊಳಗೆ ನೀರಿನ ಭಾಗ್ಯ ಎಷ್ಟು ಭಿನ್ನವೆಂಬುದಕ್ಕೆ ದಾವಣಗೆರೆ ಒಳ್ಳೆಯ ಉದಾಹರಣೆ. ಹೊನ್ನಾಳಿ, ನ್ಯಾಮತಿಗಳಿಗೆ ತುಂಗಭದ್ರೆಯಿದೆ. ಚನ್ನಗಿರಿಗೆ ಭದ್ರಾ ನಾಲೆಯ ಜೊತೆಗೆ ಶಾಂತಿಸಾಗರವೆಂದೂ ಕರೆಯುವ ಸೂಳೆಕೆರೆಯಿದೆ. ಮಲೆನಾಡಿನಿಂದ ಹರಿದು ಬರುವ ಈ ನೀರು ಲವಣ ಕಡಿಮೆಯಿರುವ ಮೆದು ನೀರು. ಜಗಳೂರಿಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಕೆರೆಗಳೂ ಒಣಗುತ್ತವೆ. ಹರಿಹರದ ಬಳಿಯಿಂದ ತುಂಗಭದ್ರೆಯ ನೀರನ್ನು ಎತ್ತಿ ತಾಲೂಕಿನ 57 ಕೆರೆಗಳನ್ನು ತುಂಬಿಸುವ ಯೋಜನೆಗೆ ಜನ ವರ್ಷಗಟ್ಟಲೆ ಕಾದದ್ದು ಇದೇ ಕಾರಣಕ್ಕೆ.

ಉಳಿದದ್ದು ಕೊಳವೆಬಾವಿ. ನೆಲದಡಿಯ ಗ್ರಾನೈಟ್, ನೈಸ್ ಮತ್ತು ಪದರಶಿಲೆಗಳ ಬಿರುಕುಗಳಲ್ಲಿ ನೀರು ದೀರ್ಘಕಾಲ ನಿಂತಿರುತ್ತದೆ. ಆ ಅವಧಿಯಲ್ಲಿ ಕಲ್ಲಿನಿಂದ ಕ್ಯಾಲ್ಸಿಯಂ, ಮೆಗ್ನೀಷಿಯಂ, ಸೋಡಿಯಂ, ಬೈಕಾರ್ಬೊನೇಟ್‌ಗಳನ್ನು ಕರಗಿಸಿಕೊಳ್ಳುತ್ತದೆ. ಬಯೊಟೈಟ್, ಹಾರ್ನ್‌ಬ್ಲೆಂಡ್, ಅಪಟೈಟ್, ಫ್ಲೋರೈಟ್‌ನಂಥ ಖನಿಜಗಳಿರುವಲ್ಲಿ ಫ್ಲೋರೈಡ್ ಕೂಡ ಸೇರುತ್ತದೆ. ಮೇಲಿನಿಂದ ಹೊಲದ ಯೂರಿಯಾ, ತಿಪ್ಪೆ, ಕೊಟ್ಟಿಗೆಯ ಗಂಜಲ ಬಸಿದು ನೈಟ್ರೇಟ್ ಕೂಡುತ್ತದೆ.

ಜನರಿಗೆ ಇದು ಪ್ರಯೋಗಾಲಯವಿಲ್ಲದೆಯೇ ಗೊತ್ತು. ಬೋರಿನದು ಉಪ್ಪುನೀರು, ಕುಡಿಯುವುದು ಸಿಹಿನೀರು. ಉಪ್ಪುನೀರಿನಲ್ಲಿ ಸೋಪು ನೊರೆಯಾಗುವುದಿಲ್ಲ, ಬೇಳೆ ಬೇಗ ಬೇಯುವುದಿಲ್ಲ, ಕಾಯಿಸಿದ ಪಾತ್ರೆಗೆ ಬಿಳಿ ಪದರ ಕಟ್ಟುತ್ತದೆ. ಆ ಬಿಳಿ ಪದರ ಕ್ಯಾಲ್ಸಿಯಂ ಕಾರ್ಬೊನೇಟ್. ಮೀನುತೊಟ್ಟಿಯ ಗಾಜಿನ ಮೇಲೆ ನೀರಿನ ಅಂಚಿಗೆ ಕಟ್ಟುವ ಒರಟು ಗೆರೆಯೂ ಅದೇ. ಹೋಲಿಕೆಗೆ ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನಕ, ಐಎಸ್ 10500, ಇಟ್ಟ ಮಿತಿಗಳನ್ನು ನೋಡಬಹುದು. 2012ರ ಆವೃತ್ತಿಯ ಪ್ರಕಾರ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಸರಿ, ಬೇರೆ ನೀರಿಲ್ಲದಿದ್ದರೆ 600ರವರೆಗೆ ಸಹನೀಯ. ಒಟ್ಟು ಕರಗಿದ ಘನವಸ್ತುಗಳಿಗೆ (ಟಿಡಿಎಸ್) ಈ ಅಂಕಿಗಳು 500 ಮತ್ತು 2000. ಫ್ಲೋರೈಡ್‌ಗೆ 1 ಮತ್ತು 1.5, ನೈಟ್ರೇಟ್‌ಗೆ 45, ಅದಕ್ಕೆ ಸಡಿಲಿಕೆ ಇಲ್ಲ. ಅಕ್ವೇರಿಯಂ ಪುಸ್ತಕಗಳು ಗಡಸುತನವನ್ನು ಡಿಗ್ರಿಗಳಲ್ಲಿ ಹೇಳುತ್ತವೆ. ಒಂದು ಡಿಗ್ರಿ ಎಂದರೆ ಲೀಟರಿಗೆ ಸುಮಾರು 18 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಸಮ.

ಕ್ಷಾರೀಯತೆ ಮತ್ತು ಪಿಎಚ್

ಗಡಸುತನ ಮತ್ತು ಕ್ಷಾರೀಯತೆ ಬೇರೆ ಬೇರೆ. ಮೊದಲನೆಯದು ಕ್ಯಾಲ್ಸಿಯಂ, ಮೆಗ್ನೀಷಿಯಂಗಳ ಅಳತೆ. ಎರಡನೆಯದು ಮುಖ್ಯವಾಗಿ ಬೈಕಾರ್ಬೊನೇಟ್‌ನ ಅಳತೆ, ಅಂದರೆ ನೀರು ಎಷ್ಟು ಆಮ್ಲವನ್ನು ನುಂಗಿಕೊಳ್ಳಬಲ್ಲದು ಎಂಬುದು. ಕ್ಷಾರೀಯತೆ ತೊಟ್ಟಿಯ ಇಡುಗಂಟು. ಅದು ಇರುವವರೆಗೆ ಪಿಎಚ್ ಕದಲುವುದಿಲ್ಲ.

ಕೊಳವೆಬಾವಿಯ ನೀರು ಆಗ ತಾನೇ ಎತ್ತಿದಾಗ ಒಂದು ಪಿಎಚ್ ತೋರಿಸಿ ಮರುದಿನ ಬೇರೊಂದನ್ನು ತೋರಿಸುವುದು ಹೊಸಬರನ್ನು ಗಲಿಬಿಲಿಗೊಳಿಸುತ್ತದೆ. ಕಾರಣ ಸರಳ. ನೆಲದಡಿಯ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಅಡಗಿರುತ್ತದೆ. ಕ್ಷಾರೀಯತೆ 270 ಮಿಲಿಗ್ರಾಂ, ಪಿಎಚ್ 7 ಇದ್ದರೆ ಲೀಟರಿಗೆ ಸುಮಾರು 45 ಮಿಲಿಗ್ರಾಂ ಡೈಆಕ್ಸೈಡ್ ಕರಗಿದೆ ಎಂದರ್ಥ. ಗಾಳಿಗೆ ತೆರೆದಿಟ್ಟರೆ ಅದು ಹೊರಟುಹೋಗುತ್ತದೆ, 4.5 ಮಿಲಿಗ್ರಾಂಗೆ ಇಳಿಯುವ ಹೊತ್ತಿಗೆ ಪಿಎಚ್ 8 ತಲುಪಿರುತ್ತದೆ, ಮುಂದೆ ಇನ್ನೂ ಏರುತ್ತದೆ. ಅದೇ ನೀರಿನಲ್ಲಿ ಆಮ್ಲಜನಕ ತೀರ ಕಡಿಮೆ. ಆದ್ದರಿಂದ ಬೋರಿನ ನೀರನ್ನು ನೇರವಾಗಿ ತೊಟ್ಟಿಗೆ ಸುರಿಯಬಾರದು. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ, ಸಾಧ್ಯವಾದರೆ ಗಾಳಿ ಪಂಪು ಹಾಕಿ, ಇಟ್ಟು ಬಳಸಬೇಕು. ಕಬ್ಬಿಣದ ಅಂಶವಿದ್ದರೆ ಕೆಂಗಂದು ಗಸಿಯಾಗಿ ತಳಕ್ಕಿಳಿಯುವುದೂ ಆ ಹೊತ್ತಿನಲ್ಲೇ.

ಪಿಎಚ್ 8.2 ಎಂದು ಕಂಡ ತಕ್ಷಣ 'ಪಿಎಚ್ ಡೌನ್' ಎಂಬ ಸೀಸೆ ತರುವುದು ಸಾಮಾನ್ಯ ಪ್ರಮಾದ. ಅದರಲ್ಲಿರುವುದು ಫಾಸ್ಫೊರಿಕ್ ಅಥವಾ ಸಲ್ಫ್ಯೂರಿಕ್ ಆಮ್ಲ, ಇಲ್ಲವೇ ಸೋಡಿಯಂ ಡೈಹೈಡ್ರೊಜನ್ ಫಾಸ್ಫೇಟ್. ಹನಿಗಳು ಬಿದ್ದೊಡನೆ ಬೈಕಾರ್ಬೊನೇಟ್‌ನ ಸ್ವಲ್ಪ ಭಾಗ ಡೈಆಕ್ಸೈಡ್ ಆಗಿ ಪಿಎಚ್ ಇಳಿಯುತ್ತದೆ. ರಾತ್ರಿ ಕಳೆಯುವಷ್ಟರಲ್ಲಿ ಆ ಅನಿಲ ಗಾಳಿಗೆ ಸೇರಿ ಪಿಎಚ್ ಮತ್ತೆ ಏರುತ್ತದೆ. ಮತ್ತೆ ಹನಿ, ಮತ್ತೆ ಏರಿಕೆ. ಉಳಿಯುವುದು ಪಾಚಿಗೆ ಗೊಬ್ಬರವಾಗುವ ಫಾಸ್ಫೇಟ್ ಮತ್ತು ದಿನಕ್ಕೊಂದು ಪಿಎಚ್ ಕಂಡು ಬಳಲಿದ ಮೀನು. ನಿಂಬೆರಸ, ವಿನೆಗರ್ ಹಿಂಡುವುದರ ಫಲವೂ ಇದೇ. ಕಾಡು ಬಾದಾಮಿಯ ಒಣ ಎಲೆ ಹಾಕಿದರೆ ನೀರಿಗೆ ಚಹಾದ ಬಣ್ಣ ಬರುತ್ತದೆ, ಟ್ಯಾನಿನ್ ಸೇರುತ್ತದೆ. ಆದರೆ ಇಷ್ಟು ಕ್ಷಾರೀಯತೆಯ ನೀರಿನ ಪಿಎಚ್ ಅದರಿಂದ ಕದಲುವುದಿಲ್ಲ. ಸ್ಥಿರವಾದ 8.2 ಮೀನಿಗೆ ಅಸ್ಥಿರವಾದ 7ಕ್ಕಿಂತ ಎಷ್ಟೋ ಲೇಸು.

ಪಿಎಚ್ ಇಳಿಸಲೇಬೇಕೆಂದರೆ ಇಳಿಸಬೇಕಾದದ್ದು ಕ್ಷಾರೀಯತೆಯನ್ನು. ಅದಕ್ಕಿರುವ ನೇರ ದಾರಿ ಬೆರಕೆ. ಊರೂರಿನಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿರುವುದು ಈ ಸೀಮೆಯ ಮೀನು ಸಾಕುವವರಿಗೂ ದೊಡ್ಡ ಅನುಕೂಲ. ಅಲ್ಲಿ ಸಿಗುವ ಆರ್‌ಒ (ರಿವರ್ಸ್ ಆಸ್ಮೋಸಿಸ್) ನೀರಿನಲ್ಲಿ ಲವಣ ಅತ್ಯಲ್ಪ. ಒಂದು ಪಾಲು ಬೋರಿನ ನೀರಿಗೆ ಎರಡು ಪಾಲು ಆರ್‌ಒ ಬೆರೆಸಿದರೆ ಕ್ಷಾರೀಯತೆ, ಗಡಸುತನ, ಟಿಡಿಎಸ್ ಮೂರೂ ಹೆಚ್ಚುಕಡಿಮೆ ಮೂರನೇ ಒಂದಕ್ಕೆ ಇಳಿಯುತ್ತವೆ. ಇವು ಅಂಕಗಣಿತದಂತೆ ನೇರವಾಗಿ ಬೆರೆಯುತ್ತವೆ. ಪಿಎಚ್ ಹಾಗಲ್ಲ, ಅದನ್ನು ಬೆರೆಸಿದ ಮೇಲೆಯೇ ಅಳೆಯಬೇಕು. ಛಾವಣಿಯಿಂದ ಹಿಡಿದ ಮಳೆನೀರೂ ಇದೇ ಕೆಲಸಕ್ಕೆ ಬರುತ್ತದೆ, ಮೊದಲ ಮಳೆಯ ಕೊಳೆ ಹರಿದುಹೋದ ಬಳಿಕ. ಅದನ್ನು ಹೊಸ ಸಿಮೆಂಟ್ ತೊಟ್ಟಿಯಲ್ಲಿಟ್ಟರೆ ಸುಣ್ಣ ಬಿಟ್ಟು ಪಿಎಚ್ ವಿಪರೀತ ಏರುತ್ತದೆ. ಬಾಳೆದಿಂಡಿನ ತುಂಡುಗಳನ್ನು ನೆನೆಹಾಕಿ ಹಲವು ಬಾರಿ ನೀರು ಬದಲಿಸಿ ತೊಟ್ಟಿಯನ್ನು ಹದಗೊಳಿಸುವ ಪದ್ಧತಿ ಮೀನು ಸಾಕುವವರಲ್ಲಿ ಹಿಂದಿನಿಂದಲೂ ಇದೆ. ತಾಮ್ರದ ಹಂಡೆಯಲ್ಲಿ ಆರ್‌ಒ ನೀರನ್ನು ಕೂಡಿಡುವುದು ಇನ್ನೂ ಅಪಾಯ. ಲವಣವಿಲ್ಲದ, ತುಸು ಆಮ್ಲೀಯ ನೀರು ತಾಮ್ರವನ್ನು ಕರಗಿಸಿಕೊಳ್ಳುತ್ತದೆ, ಮತ್ತು ಅಂಥ ನೀರಿನಲ್ಲೇ ತಾಮ್ರ ಮೀನಿಗೆ ಅತಿ ಹೆಚ್ಚು ವಿಷ.

ಹಾಗೆಂದು ಬರೀ ಆರ್‌ಒ ನೀರು ಸುರಿದವರ ತೊಟ್ಟಿ ಇನ್ನೊಂದು ಬಗೆಯಲ್ಲಿ ಕೆಡುತ್ತದೆ. ದಿನಕ್ಕೆ ಹಾಕುವ ಒಂದು ಗ್ರಾಂ ಮೀನಿನ ಆಹಾರದಲ್ಲಿ ಶೇ 40 ಪ್ರೊಟೀನ್ ಇದ್ದರೆ ಅದರಲ್ಲಿ 64 ಮಿಲಿಗ್ರಾಂ ಸಾರಜನಕವಿದೆ. ಅದರ ಅರ್ಧಕ್ಕಿಂತ ತುಸು ಹೆಚ್ಚು, 35 ಮಿಲಿಗ್ರಾಂ, ಅಮೋನಿಯವಾಗಿ ನೀರಿಗೆ ಬಿತ್ತೆಂದುಕೊಳ್ಳೋಣ. ಒಂದು ಭಾಗ ಅಮೋನಿಯ ಸಾರಜನಕ ನೈಟ್ರೇಟ್ ಆಗುವಾಗ 7.14 ಭಾಗ ಕ್ಷಾರೀಯತೆ ಖರ್ಚಾಗುತ್ತದೆ. ಅಂದರೆ ದಿನಕ್ಕೆ 250 ಮಿಲಿಗ್ರಾಂ. ಲೀಟರಿಗೆ 18 ಮಿಲಿಗ್ರಾಂ ಕ್ಷಾರೀಯತೆಯ 50 ಲೀಟರ್ ಆರ್‌ಒ ನೀರಿನಲ್ಲಿ ಇರುವುದೇ 900 ಮಿಲಿಗ್ರಾಂ. ನಾಲ್ಕು ದಿನ ತುಂಬುವ ಮೊದಲೇ ಅದು ಬರಿದಾಗಿ ಪಿಎಚ್ ಒಮ್ಮೆಗೇ ಕುಸಿಯುತ್ತದೆ. 270 ಮಿಲಿಗ್ರಾಂ ಕ್ಷಾರೀಯತೆಯ ಬೋರಿನ ನೀರು ಅದೇ ಮೀನುಗಳನ್ನು ಏಳು ವಾರಕ್ಕೂ ಮಿಗಿಲಾಗಿ ತಾಳಿಕೊಳ್ಳುತ್ತದೆ. ಕುಸಿದ ಕ್ಷಾರೀಯತೆಯನ್ನು ಏರಿಸಲು ಅಡುಗೆ ಸೋಡಾ ಸಾಕು: 50 ಲೀಟರಿಗೆ 6 ಗ್ರಾಂ, ಅಂದರೆ ಒಂದು ಟೀ ಚಮಚ, ನಾಲ್ಕು ಡಿಗ್ರಿ ಏರಿಸುತ್ತದೆ. ಈ ಸೀಮೆಯಲ್ಲಿ ಅದಕ್ಕಿಂತ ಸುಲಭದ್ದು ಒಂದು ಕೊಡ ಬೋರಿನ ನೀರು.

ಬೇಸಿಗೆಯಲ್ಲಿ ತೊಟ್ಟಿಯಿಂದ ನೀರು ಆವಿಯಾಗುತ್ತದೆ, ಲವಣ ಆವಿಯಾಗುವುದಿಲ್ಲ. ದಿನಕ್ಕೆ ಒಂದು ಲೀಟರ್ ಇಂಗಿದ ಜಾಗಕ್ಕೆ 900 ಟಿಡಿಎಸ್‌ನ ಬೋರಿನ ನೀರನ್ನೇ ತುಂಬುತ್ತ ಹೋದರೆ 50 ಲೀಟರ್ ತೊಟ್ಟಿಯ ಟಿಡಿಎಸ್ ದಿನಕ್ಕೆ 18ರಂತೆ, ತಿಂಗಳಿಗೆ 540ರಷ್ಟು ಏರುತ್ತದೆ. ಮೀನು ನಿಧಾನವಾಗಿ ಒಗ್ಗಿಕೊಳ್ಳುವುದರಿಂದ ಯಾರಿಗೂ ತಿಳಿಯುವುದಿಲ್ಲ. ಪೇಟೆಯಿಂದ ತಂದ ಹೊಸ ಮೀನು ಮಾತ್ರ ಬಿಟ್ಟ ಮರುದಿನವೇ ಸಾಯುತ್ತದೆ. ಆವಿಯಾದ ನೀರಿಗೆ ಬದಲು ಆರ್‌ಒ ನೀರು, ವಾರದ ನೀರು ಬದಲಾವಣೆಗೆ ಬೆರಕೆ ನೀರು ಎಂಬ ವಿಂಗಡಣೆಯನ್ನು ಬಯಲುಸೀಮೆಯಲ್ಲಿ ಮರೆಯಬಾರದು.

ಅಮೋನಿಯ, ನೈಟ್ರೈಟ್, ನೈಟ್ರೇಟ್

ಹೊಸ ತೊಟ್ಟಿಗಳಲ್ಲಿ ಮೊದಲ ತಿಂಗಳಲ್ಲೇ ಮೀನು ಸಾಯುವುದಕ್ಕೆ ಅಮೋನಿಯವೇ ಮುಖ್ಯ ಕಾರಣ. ನೀರಿನಲ್ಲಿ ಅದು ಎರಡು ರೂಪದಲ್ಲಿರುತ್ತದೆ: ಬಹುಮಟ್ಟಿಗೆ ನಿರಪಾಯವಾದ ಅಮೋನಿಯಂ ಮತ್ತು ಕಿವಿರನ್ನು ಸುಡುವ ಮುಕ್ತ ಅಮೋನಿಯ. ಎಷ್ಟು ಪಾಲು ಯಾವ ರೂಪದಲ್ಲಿ ಎಂಬುದನ್ನು ಪಿಎಚ್ ಮತ್ತು ಉಷ್ಣತೆ ನಿರ್ಧರಿಸುತ್ತವೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ಮುಕ್ತ ಅಮೋನಿಯ ಶೇ 0.6ರಷ್ಟು, ಪಿಎಚ್ 8ಕ್ಕೆ ಶೇ 5.4, ಪಿಎಚ್ 8.5ಕ್ಕೆ ಶೇ 15. ಮೇಲಿನ ಲೆಕ್ಕದ ತೊಟ್ಟಿಯಲ್ಲಿ ಒಂದೇ ದಿನಕ್ಕೆ ಲೀಟರಿಗೆ 0.7 ಮಿಲಿಗ್ರಾಂ ಅಮೋನಿಯ ಸಾರಜನಕ ಸೇರುತ್ತದೆ. ಮೆದು ನೀರಿನ ಊರಿನಲ್ಲಿ ಇದು ಹಲವು ದಿನ ತಡೆಯಬಹುದಾದ ಪ್ರಮಾಣ. ಬಿಳಿಚೋಡಿನ ಕ್ಷಾರೀಯ ನೀರಿನಲ್ಲಿ, ಅದೂ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಅದೇ ಪ್ರಮಾಣ ಅಪಾಯದ ಗೆರೆ ದಾಟಿರುತ್ತದೆ. ಪಿಎಚ್ ಕುಸಿಯದಂತೆ ಕಾಯುವ ಗಡಸು ನೀರೇ ಹೊಸ ತೊಟ್ಟಿಯಲ್ಲಿ ಮೀನಿಗೆ ಹೆಚ್ಚು ಕ್ರೂರ. ಈ ಎರಡು ಮುಖಗಳನ್ನು ಒಟ್ಟಿಗೆ ನೋಡದ ಸಲಹೆಗಳಿಂದ ಈ ಭಾಗದಲ್ಲಿ ಅದೆಷ್ಟೋ ಮಕ್ಕಳ ಮೊದಲ ಮೀನುಗಳು ಸತ್ತಿವೆ.

ಅಮೋನಿಯವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಬದಲಿಸುವುದು ಸೂಕ್ಷ್ಮಜೀವಿಗಳು. ಲಂಡನ್ನಿನ ರಸಾಯನಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಗೋಲ್ಡ್‌ಫಿಶ್, ವ್ಯಾಲಿಸ್ನೇರಿಯ ಗಿಡ ಮತ್ತು ಬಸವನಹುಳುಗಳನ್ನು ಒಟ್ಟಿಗಿಟ್ಟು ನೀರು ಕೆಡದಂತೆ ಉಳಿಸಬಹುದೆಂದು ತೋರಿಸಿದಾಗ ಆ ಜೀವಿಗಳ ಪಾತ್ರ ಯಾರಿಗೂ ತಿಳಿದಿರಲಿಲ್ಲ. 1890ರ ಸುಮಾರಿಗೆ ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಅವನ್ನು ಬೇರ್ಪಡಿಸಿದರು. 2005ರಲ್ಲಿ ಅಮೆರಿಕದ ಸಿಯಾಟಲ್ ಅಕ್ವೇರಿಯಂನ ತೊಟ್ಟಿಯ ಜಲ್ಲಿಯಿಂದಲೇ ಅಮೋನಿಯ ಉಣ್ಣುವ ಆರ್ಕಿಯ ಎಂಬ ಬೇರೆಯೇ ಕುಲದ ಜೀವಿಯನ್ನು ವಿಜ್ಞಾನಿಗಳು ಬೆಳೆಸಿದರು. ಇವು ಜಲ್ಲಿ, ಫಿಲ್ಟರಿನ ಸ್ಪಂಜುಗಳಿಗೆ ಅಂಟಿಕೊಂಡು ಬೆಳೆಯಲು ಮೂರರಿಂದ ಆರು ವಾರ ಬೇಕು. ಸೀಸೆಯಲ್ಲಿ ಬರುವ ಬ್ಯಾಕ್ಟೀರಿಯಾ ಕೆಲವೊಮ್ಮೆ ಈ ಅವಧಿಯನ್ನು ಕಡಿಮೆ ಮಾಡುತ್ತದೆ. ಬಿಸಿಲಲ್ಲಿ ಲಾರಿಯೇರಿ ಬಂದು ಅಂಗಡಿಯ ಗಾಜಿನ ಹಿಂದೆ ತಿಂಗಳುಗಟ್ಟಲೆ ಕುಳಿತ ಸೀಸೆಯಲ್ಲಿ ಜೀವಂತವಾದದ್ದು ಎಷ್ಟಿರುತ್ತದೆ ಎಂಬುದು ಬೇರೆ ಮಾತು. ಹಳೆಯ ಆರೋಗ್ಯಕರ ತೊಟ್ಟಿಯೊಂದರ ಸ್ಪಂಜನ್ನು ಹಿಂಡಿ ಹಾಕುವುದಕ್ಕೆ ಸಮನಾದ ಸೇರಿಕೆ ಇನ್ನೊಂದಿಲ್ಲ. ಸ್ಪಂಜನ್ನು ನಲ್ಲಿಯ ಕ್ಲೋರಿನ್ ನೀರಿನಲ್ಲಿ ಉಜ್ಜಿ ತೊಳೆಯುವುದು ಆ ಬೆಳೆಯನ್ನು ಕೊಂದಂತೆ.

ನೈಟ್ರೈಟ್ ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕ ಹೊರಲಾರದ ಕಂದು ರೂಪಕ್ಕೆ ತಿರುಗಿಸುತ್ತದೆ. ಮೀನು ನೀರಿನ ಮೇಲ್ಮೈಗೆ ಬಂದು ಬಾಯಿ ಬಡಿಯುತ್ತದೆ. ಇಲ್ಲಿ ಅಡುಗೆಮನೆಯ ಕಲ್ಲುಪ್ಪು ನಿಜವಾದ ಮದ್ದು: ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟಿನ ದಾರಿಯನ್ನು ತಡೆಯುತ್ತದೆ. ಲೀಟರಿಗೆ ಒಂದು ಗ್ರಾಂ ಸಾಕು. ಕೊನೆಯ ಹಂತವಾದ ನೈಟ್ರೇಟ್ ಮಂದ ವಿಷ. ಅದನ್ನು ತೆಗೆಯಲು ನೀರು ಬದಲಿಸಬೇಕು ಅಥವಾ ಗಿಡ ಬೆಳೆಸಬೇಕು. ಬೋರಿನ ನೀರಿನಲ್ಲೇ ನೈಟ್ರೇಟ್ ಇದ್ದರೆ ಅದೇ ನೀರಿನಿಂದ ಬದಲಿಸಿ ಫಲವಿಲ್ಲ. ವ್ಯಾಲಿಸ್ನೇರಿಯ ಮತ್ತು ಹೈಡ್ರಿಲ್ಲ ಕರಗಿದ ಡೈಆಕ್ಸೈಡ್ ಸಾಲದಿದ್ದಾಗ ಬೈಕಾರ್ಬೊನೇಟ್‌ನಿಂದಲೇ ಇಂಗಾಲ ಪಡೆಯಬಲ್ಲವು. ನಮ್ಮ ಕೆರೆ ನಾಲೆಗಳಲ್ಲಿ ತಾವಾಗಿ ಬೆಳೆಯುವ ಈ ಗಿಡಗಳು ಬಯಲುಸೀಮೆಯ ತೊಟ್ಟಿಗೆ ಹೇಳಿ ಮಾಡಿಸಿದಂತಿವೆ.

ನೀರಿಗೆ ಒಪ್ಪುವ ಮೀನು

ಗಪ್ಪಿ, ಮಾಲಿ, ಪ್ಲಾಟಿ, ಸ್ವೋರ್ಡ್‌ಟೇಲ್, ಗೋಲ್ಡ್‌ಫಿಶ್ ಗಡಸು ನೀರಿನಲ್ಲಿ ಸುಖವಾಗಿರುತ್ತವೆ. ಆಫ್ರಿಕದ ಮಲಾವಿ ಮತ್ತು ತಾಂಗನಿಕ ಸರೋವರಗಳ ಸಿಕ್ಲಿಡ್‌ಗಳಿಗೆ ಪಿಎಚ್ 8ರ ಮೇಲಿನ ಕ್ಷಾರೀಯ ನೀರೇ ಬೇಕು. ಬೆಂಗಳೂರಿನ ಸಾಕಣೆಗಾರರು ಪುಡಿ ಬೆರೆಸಿ ತಯಾರಿಸುವ ಆ ನೀರು ಜಗಳೂರಿನ ಕೊಳವೆಬಾವಿಯಲ್ಲಿ ಬಹುಮಟ್ಟಿಗೆ ಸಿದ್ಧವಾಗಿ ಬರುತ್ತದೆ. ಅಮೆಜಾನ್ ಕಾಡಿನ ಮೆದು ನೀರಿನ ನಿಯಾನ್ ಟೆಟ್ರ, ಡಿಸ್ಕಸ್ ಇಲ್ಲಿ ಬೆರಕೆ ನೀರಿಲ್ಲದೆ ಬಾಳವು. ಗಪ್ಪಿ ಇಲ್ಲಿಗೆ ಹೊಸಬನಲ್ಲ: ಸೊಳ್ಳೆ ಮರಿ ತಿನ್ನಲೆಂದು ಆರೋಗ್ಯ ಇಲಾಖೆ ಗಪ್ಪಿ ಮತ್ತು ಗಾಂಬೂಸಿಯ ಮೀನುಗಳನ್ನು ಕರ್ನಾಟಕದ ಬಾವಿ, ತೊಟ್ಟಿಗಳಿಗೆ ಬಿಡುತ್ತ ಬಂದಿದೆ. ಯಾವ ಸೀಸೆಯ ಹಂಗೂ ಇಲ್ಲದೆ ಅವು ಹಳ್ಳಿಯ ತೊಟ್ಟಿಗಳಲ್ಲಿ ಮರಿಮಾಡಿ ಹೆಚ್ಚಿವೆ.

ಕ್ಲೋರಿನ್ ಮತ್ತು ಫ್ಲೋರೈಡ್

ಪಂಚಾಯಿತಿಯ ಮೇಲ್ತೊಟ್ಟಿಗೆ ನೀರುಗಂಟಿ ಬ್ಲೀಚಿಂಗ್ ಪುಡಿ ಹಾಕಿದ ದಿನ ನಲ್ಲಿಯಲ್ಲಿ ಕ್ಲೋರಿನ್ ಬರುತ್ತದೆ, ಹಾಕದ ದಿನ ಇಲ್ಲ. ಸ್ವಂತ ಬೋರಿನ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ ಸುರಿಯುವುದು ದಂಡ. ನಲ್ಲಿ ನೀರಿಗೆ ಬೇಕಾದಾಗ ಸೋಡಿಯಂ ಥಯೊಸಲ್ಫೇಟ್ ಸಾಕು, ಹಿಂದೆ ಫೋಟೊ ಸ್ಟುಡಿಯೊಗಳಲ್ಲಿ ಹೈಪೋ ಎಂದು ಬಳಸುತ್ತಿದ್ದ ಹರಳು ಅದೇ. ಒಂದು ಮಿಲಿಗ್ರಾಂ ಕ್ಲೋರಿನ್‌ಗೆ ಏಳು ಮಿಲಿಗ್ರಾಂ ಹೈಪೋ ಎಂಬುದು ರೂಢಿಯ ಲೆಕ್ಕ, ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಇರುವ 50 ಲೀಟರಿಗೆ 175 ಮಿಲಿಗ್ರಾಂ, ಒಂದು ಚಿಟಿಕೆಗೂ ಕಡಿಮೆ. ಒಂದು ದಿನ ಬಿಸಿಲಿಗೆ ತೆರೆದಿಟ್ಟರೂ ಮುಕ್ತ ಕ್ಲೋರಿನ್ ಹೋಗುತ್ತದೆ. ಕ್ಲೊರಮೀನ್ ಬಳಸುವ ನಗರಗಳಲ್ಲಿ ಮಾತ್ರ ಹೀಗೆ ಹೋಗದು, ಮತ್ತು ಹೈಪೋ ಅದನ್ನು ಒಡೆದಾಗ ಅಮೋನಿಯ ಉಳಿಯುತ್ತದೆ.

ಫ್ಲೋರೈಡ್‌ನ ಕಥೆ ಬೇರೆ. ಈ ತಾಲೂಕಿನ ಹಲವು ಹಳ್ಳಿಗಳಲ್ಲಿ ಜನರ ಹಲ್ಲಿಗೆ, ಮೂಳೆಗೆ ಅದು ಮಾಡಿದ ಹಾನಿಯ ಮುಂದೆ ಮೀನಿನ ಮಾತು ಸಣ್ಣದು. ಆದರೂ ರಸಾಯನ ಒಂದೇ ಆದ್ದರಿಂದ ಹೇಳಬೇಕು. ಕ್ಯಾಲ್ಸಿಯಂ ಹೆಚ್ಚಿದ್ದರೆ ಫ್ಲೋರೈಡ್ ಕ್ಯಾಲ್ಸಿಯಂ ಫ್ಲೋರೈಡ್ ಆಗಿ ಗಸಿಯಾಗುತ್ತದೆ. ಆದ್ದರಿಂದ ಫ್ಲೋರೈಡ್ ಹೆಚ್ಚಿರುವುದು ಸಾಮಾನ್ಯವಾಗಿ ಕ್ಯಾಲ್ಸಿಯಂ ಕಡಿಮೆಯಾಗಿ ಸೋಡಿಯಂ ಬೈಕಾರ್ಬೊನೇಟ್ ಹೆಚ್ಚಿದ ನೀರಿನಲ್ಲಿ. ಮೀನಿನಲ್ಲೂ ಅದು ಮೂಳೆಯಲ್ಲಿ ಸಂಗ್ರಹವಾಗುತ್ತದೆ. ಗಡಸು ನೀರಿನಲ್ಲಿ ಅದರ ವಿಷ ಕಡಿಮೆ. ಅಂಗಡಿಯ ಯಾವ 'ವಾಟರ್ ಕಂಡೀಷನರ್' ಕೂಡ ಫ್ಲೋರೈಡ್ ತೆಗೆಯುವುದಿಲ್ಲ, ಫಿಲ್ಟರಿನ ಇದ್ದಿಲೂ ತೆಗೆಯದು. ಕ್ರಿಯಾಶೀಲ ಅಲ್ಯೂಮಿನಾ ತೆಗೆಯುತ್ತದೆ, ಆರ್‌ಒ ತೆಗೆಯುತ್ತದೆ. ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕ ಮತ್ತು ಸುಣ್ಣ ಸೇರಿಸಿ ಗಸಿಯೊಡನೆ ಇಳಿಸುತ್ತಾರೆ. ಮೀನುತೊಟ್ಟಿಯಲ್ಲೇ ಪಟಿಕ ಹಾಕಬಾರದು. ಅದು ಕ್ಷಾರೀಯತೆಯನ್ನು ತಿನ್ನುತ್ತದೆ, ಪಿಎಚ್ ಇಳಿದ ನೀರಿನಲ್ಲಿ ಉಳಿದ ಅಲ್ಯೂಮಿನಿಯಂ ಕಿವಿರನ್ನು ಕೆಡಿಸುತ್ತದೆ.

ಔಷಧಿಗಳು

ನೀಲಿ ಔಷಧಿ ಎಂಬುದು ಮೆಥಿಲೀನ್ ಬ್ಲೂ. 1876ರಲ್ಲಿ ಜರ್ಮನಿಯಲ್ಲಿ ಬಟ್ಟೆಯ ಬಣ್ಣವಾಗಿ ಹುಟ್ಟಿದ ಇದನ್ನು ಪಾಲ್ ಎರ್ಲಿಕ್ 1891ರಲ್ಲಿ ಮಲೇರಿಯಾ ರೋಗಿಗಳ ಮೇಲೆ ಪ್ರಯೋಗಿಸಿದ್ದರು. ಮೊಟ್ಟೆಗೆ ಹತ್ತುವ ಬೂಷ್ಟಿಗೆ, ನೈಟ್ರೈಟ್ ವಿಷಕ್ಕೆ ಇದು ಒಳ್ಳೆಯದು. ಆದರೆ ಮುಖ್ಯ ತೊಟ್ಟಿಗೆ ಸುರಿದರೆ ಅಮೋನಿಯ ಉಣ್ಣುವ ಬ್ಯಾಕ್ಟೀರಿಯಾಗಳೂ ಸಾಯುತ್ತವೆ, ಗಿಡ ಕೊಳೆಯುತ್ತದೆ. ಬೇರೆ ಬಕೆಟ್ಟಿನಲ್ಲಿ ಚಿಕಿತ್ಸೆ ನಡೆಯಬೇಕು. ಹಸಿರು ಔಷಧಿಯಾದ ಮಲಕೈಟ್ ಗ್ರೀನ್ ಬಿಳಿಚುಕ್ಕೆ ರೋಗಕ್ಕೆ ಪರಿಣಾಮಕಾರಿ. ತಿನ್ನುವ ಮೀನಿನಲ್ಲಿ ಇದರ ಬಳಕೆಗೆ ಭಾರತವೂ ಸೇರಿ ಹಲವು ದೇಶಗಳಲ್ಲಿ ನಿಷೇಧವಿದೆ, ಬರಿಗೈಯಲ್ಲಿ ಮುಟ್ಟಬಾರದು. ಬಿಳಿಚುಕ್ಕೆಯ ಪರಾವಲಂಬಿ ಮೀನಿನ ಚರ್ಮದೊಳಗಿದ್ದಾಗ ಯಾವ ಮದ್ದೂ ತಾಗದು. ಅದು ನೀರಿನಲ್ಲಿ ಈಜುವ ಹಂತದಲ್ಲಷ್ಟೇ ಸಾಯುತ್ತದೆ. ಆದ್ದರಿಂದ ಒಂದೇ ದಿನದ ಚಿಕಿತ್ಸೆ ವ್ಯರ್ಥ, ವಾರ ಹತ್ತು ದಿನ ಮುಂದುವರಿಸಬೇಕು. ಪುಷ್ಯ ಮಾಸದ ಚಳಿಯಲ್ಲಿ ಹಗಲು ರಾತ್ರಿಯ ಉಷ್ಣತೆ ಏರಿಳಿದಾಗ ಈ ರೋಗ ಕಾಣಿಸಿಕೊಳ್ಳುತ್ತದೆ. ನೀರನ್ನು 28ರಿಂದ 30 ಡಿಗ್ರಿಯಲ್ಲಿಟ್ಟು ಲೀಟರಿಗೆ 3 ಗ್ರಾಮಿನವರೆಗೆ ಕಲ್ಲುಪ್ಪನ್ನು ಎರಡು ಮೂರು ಕಂತಿನಲ್ಲಿ ಸೇರಿಸಿದರೆ ಬಹಳಷ್ಟು ಸಲ ಬಣ್ಣದ ಔಷಧಿಯೇ ಬೇಡ. ಮದ್ದು ಹಾಕುವ ಮುನ್ನ ಫಿಲ್ಟರಿನ ಇದ್ದಿಲು ತೆಗೆದಿಡಬೇಕು, ಇಲ್ಲವಾದರೆ ಅದು ಬಣ್ಣವನ್ನೆಲ್ಲ ಹೀರಿಕೊಳ್ಳುತ್ತದೆ.

ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಚನ್ನಗಿರಿಯ ಅಡಿಕೆ ಬೆಳೆಗಾರರಿಗೆ ಚಿರಪರಿಚಿತ: ಕೊಳೆರೋಗಕ್ಕೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಪಾಚಿಗೂ, ಪರಾವಲಂಬಿಗಳಿಗೂ ಅಕ್ವೇರಿಯಂನಲ್ಲಿ ಅದನ್ನು ಬಳಸುವವರಿದ್ದಾರೆ. ತಾಮ್ರದ ವಿಷ ಕ್ಷಾರೀಯತೆಗೆ ತಕ್ಕಂತೆ ಬದಲಾಗುತ್ತದೆ. ಬೋರಿನ ನೀರಿನಲ್ಲಿ ಮೀನು ತಡೆದುಕೊಂಡ ಪ್ರಮಾಣ, ಕ್ಷಾರೀಯತೆ 50 ಮಿಲಿಗ್ರಾಂಗಿಂತ ಕಡಿಮೆಯಿರುವ ಆರ್‌ಒ ಬೆರಕೆಯಲ್ಲಿ ಅವನ್ನು ಕೊಲ್ಲುತ್ತದೆ. ಬಸವನಹುಳು, ಸಿಗಡಿ ಎರಡರಲ್ಲೂ ಉಳಿಯವು. ಮನೆಯಲ್ಲಿ ಅಳೆಯುವ ಸಾಧನವಿಲ್ಲದವರು ಇದನ್ನು ಮುಟ್ಟದಿರುವುದೇ ಸರಿ. ಪೊಟ್ಯಾಸಿಯಂ ಪರ್ಮಾಂಗನೇಟ್‌ನ ಉತ್ತಮ ಉಪಯೋಗ ಕೆರೆಯಿಂದ ತಂದ ಗಿಡಗಳನ್ನು ತಿಳಿ ಗುಲಾಬಿ ದ್ರಾವಣದಲ್ಲಿ ಹತ್ತು ನಿಮಿಷ ಅದ್ದಿ ತೊಳೆಯುವುದು.

ಹೊಲದ ವಿಷ

ಅಕ್ವೇರಿಯಂ ಪುಸ್ತಕಗಳು ಸಾಮಾನ್ಯವಾಗಿ ಹೇಳದ, ಆದರೆ ಮೆಕ್ಕೆಜೋಳದ ಈ ನಾಡಿನಲ್ಲಿ ಹೇಳಲೇಬೇಕಾದ ಸಂಗತಿಯೊಂದಿದೆ. ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಕಾಣಿಸಿದ್ದು 2018ರ ಮೇ ತಿಂಗಳಲ್ಲಿ, ಪಕ್ಕದ ಶಿವಮೊಗ್ಗದ ಹೊಲಗಳಲ್ಲಿ. ಅಂದಿನಿಂದ ಮೆಕ್ಕೆಜೋಳಕ್ಕೆ ಎಮಾಮೆಕ್ಟಿನ್ ಬೆಂಜೊಯೇಟ್‌ನಂಥ ಕೀಟನಾಶಕಗಳ ಸಿಂಪಡಣೆ ಹೆಚ್ಚಿದೆ. ಇದೂ, ಪೈರೆಥ್ರಾಯ್ಡ್ ಗುಂಪಿನ ಔಷಧಿಗಳೂ ಮೀನಿಗೆ ಅತ್ಯಲ್ಪ ಪ್ರಮಾಣದಲ್ಲೇ ಮಾರಕ. ಔಷಧಿ ಕಲಸಿದ ಬಕೆಟ್ಟು ಎಷ್ಟು ತೊಳೆದರೂ ಮೀನಿನ ನೀರಿಗೆ ಬಳಸಬಾರದು. ಸಿಂಪಡಿಸಿ ಬಂದವರು ಕೈ ತೊಳೆಯದೆ ತೊಟ್ಟಿಗೆ ಕೈಯಿಕ್ಕಬಾರದು. ಮಲಗುವ ಕೋಣೆಯ ಸೊಳ್ಳೆ ದ್ರಾವಣ ಮತ್ತು ಬತ್ತಿಗಳಲ್ಲಿರುವುದೂ ಪೈರೆಥ್ರಾಯ್ಡ್‌ಗಳೇ. ಗಾಳಿ ಪಂಪು ಕೋಣೆಯ ಗಾಳಿಯನ್ನು ಹೀರಿ ನೇರವಾಗಿ ನೀರಿಗೆ ಊದುತ್ತದೆ. ಅಂಥ ಕೋಣೆಯಲ್ಲಿ ತೊಟ್ಟಿ ಇಡದಿರುವುದು ಒಳ್ಳೆಯದು, ಇಟ್ಟರೆ ಪಂಪನ್ನಾದರೂ ಹೊರಗಿಡಬೇಕು. ಬೇಸಿಗೆಯಲ್ಲಿ ಕರೆಂಟು ಹೋದಾಗ ಬ್ಯಾಟರಿಯ ಪಂಪೊಂದು ಕೈಯಲ್ಲಿರಲಿ: 25 ಡಿಗ್ರಿಯಲ್ಲಿ ಲೀಟರಿಗೆ 8.2 ಮಿಲಿಗ್ರಾಂ ಆಮ್ಲಜನಕ ಹಿಡಿಯುವ ನೀರು 30 ಡಿಗ್ರಿಯಲ್ಲಿ 7.5 ಮಾತ್ರ ಹಿಡಿಯುತ್ತದೆ.

ಪರೀಕ್ಷೆ

ಪೆನ್ನಿನಂಥ ಟಿಡಿಎಸ್ ಮೀಟರು ಅಗ್ಗ, ಉಪಯುಕ್ತ, ಆದರೆ ಕರಗಿರುವುದು ಎಷ್ಟು ಎನ್ನುತ್ತದೆಯೇ ಹೊರತು ಏನು ಎನ್ನುವುದಿಲ್ಲ. ಅಂಗಡಿಯ ಪರೀಕ್ಷಾ ಕಿಟ್ಟುಗಳು ದುಬಾರಿ. ಜಲ ಜೀವನ್ ಮಿಷನ್ ಅಡಿಯಲ್ಲಿ ಪಂಚಾಯಿತಿಗಳಿಗೆ ಬಂದಿರುವ ನೀರು ಪರೀಕ್ಷಾ ಕಿಟ್ಟಿನಲ್ಲಿ ಪಿಎಚ್, ಗಡಸುತನ, ಕ್ಷಾರೀಯತೆ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಉಳಿಕೆ ಕ್ಲೋರಿನ್‌ಗಳನ್ನು ಅಳೆಯಬಹುದು. ಹಳ್ಳಿಗೆ ಐವರು ಮಹಿಳೆಯರಿಗೆ ಇದರ ತರಬೇತಿ ಕೊಡುವುದು ಆ ಯೋಜನೆಯ ಭಾಗ. ತಮ್ಮ ಬೀದಿಯ ಬೋರಿನ ಈ ಅಂಕಿಗಳನ್ನು ಕೇಳಿ ಬರೆದುಕೊಂಡವರಿಗೆ ಮೀನುತೊಟ್ಟಿಗೆ ಬೇಕಾದ ಮೂಲ ಮಾಹಿತಿಯೆಲ್ಲ ಸಿಕ್ಕಂತೆ. ಅಮೋನಿಯ ಮತ್ತು ನೈಟ್ರೈಟ್ ತೊಟ್ಟಿಯೊಳಗೆ ಹುಟ್ಟುವುದರಿಂದ ಅವೆರಡಕ್ಕೆ ಪ್ರತ್ಯೇಕ ಕಿಟ್ಟು ಕೊಳ್ಳುವುದು ಮಾತ್ರ ದುಡ್ಡಿಗೆ ತಕ್ಕ ಖರ್ಚು. ಮಳೆಗಾಲ ಮುಗಿದಾಗ ಮತ್ತು ಕಡುಬೇಸಿಗೆಯಲ್ಲಿ ಒಂದೇ ಬೋರಿನ ನೀರು ಬೇರೆ ಬೇರೆಯಾಗಿರುತ್ತದೆ, ಆದ್ದರಿಂದ ವರ್ಷಕ್ಕೆ ಎರಡು ಸಲವಾದರೂ ನೋಡಬೇಕು.

ವಿಲೇವಾರಿ

ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್‌ಗಳಿರುವುದರಿಂದ ಹಿತ್ತಲ ಕರಿಬೇವು, ದಾಸವಾಳಗಳಿಗೆ ಒಳ್ಳೆಯ ಗೊಬ್ಬರ. ಉಪ್ಪು ಹಾಕಿದ ನೀರನ್ನು ಗಿಡಕ್ಕೆ ಹಾಕಬಾರದು. ಬಣ್ಣದ ಔಷಧಿ ಬೆರೆತ ನೀರನ್ನು ಇದ್ದಿಲಿನ ಫಿಲ್ಟರಿನಲ್ಲಿ ಹಾಯಿಸಿ ಬಣ್ಣ ಹೋದ ಮೇಲೆ, ಬಾವಿ, ಬೋರ್‌ವೆಲ್, ಕೆರೆಗಳಿಂದ ದೂರದ ಒಣ ನೆಲಕ್ಕೆ ಚೆಲ್ಲಬೇಕು. ಸಾಕಲಾಗದ ಮೀನನ್ನಾಗಲಿ, ಹೆಚ್ಚಾದ ಗಿಡವನ್ನಾಗಲಿ ಕೆರೆಗೆ ಬಿಡಬಾರದು. ತುಂಗಭದ್ರೆಯ ನೀರಿನಿಂದ ತುಂಬುತ್ತಿರುವ ತಾಲೂಕಿನ ಕೆರೆಗಳಲ್ಲಿ ಈಗ ನಾಡಿನ ಮೀನುಗಳು ಮತ್ತೆ ನೆಲೆಯೂರಬೇಕಾಗಿದೆ.